ಓಡುತ್ತಾ ಓಡುತ್ತಾ ನಿಂತುಬಿಡುವ ಯೆಜ್ಡಿ: ಪೆಟ್ರೋಲ್ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ಹುಡುಕುವುದು ಹೇಗೆ?

ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಎಷ್ಟು ಸುತ್ತಿದರೂ ತೊಂದರೆ ಇಲ್ಲ. ಊರು ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ಹೋದ ಮೇಲೆ ಪಿಕಪ್ ಇಳಿಯುತ್ತದೆ, ಎರಡು ಸಲ ಮುಗ್ಗರಿಸುತ್ತದೆ, ನಿಂತುಬಿಡುತ್ತದೆ. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಹಳೆಯ ಯೆಜ್ಡಿ ಬೈಕಿಗೆ ಬೇರೆ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕೂರಿಸಿಕೊಂಡವರಿಗೆ ಈ ಕಾಟ ಚೆನ್ನಾಗಿ ಗೊತ್ತು.

ನಮ್ಮ ಮನೆಯ ಯೆಜ್ಡಿ ರೋಡ್‌ಕಿಂಗ್ ಮೂರು ತಿಂಗಳು ನನಗೆ ಇದೇ ಕಾಟ ಕೊಟ್ಟಿತು. ಇದನ್ನು ಮಾಡಿದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಗಾಡಿಗಳಲ್ಲಿ ಇವತ್ತಿಗೂ ಮೈಸೂರು, ಮಂಡ್ಯದ ರಸ್ತೆಗಳಲ್ಲಿ ಓಡುತ್ತಿರುವವು ಎಷ್ಟೋ ಇವೆ. ಆದರೆ ಹುಟ್ಟಿದ ಹಾಗೇ ಉಳಿದವು ಕಮ್ಮಿ. ನನ್ನದರಲ್ಲೂ ಹಳೆಯ ಕಾರ್ಬುರೇಟರ್ ಸವೆದು ಹೋಗಿತ್ತು ಅಂತ ಸ್ಲೈಡ್ ಮಾದರಿಯ ಮಿಕುನಿ ಕಂಪನಿಯ ಕಾರ್ಬುರೇಟರ್ ಹಾಕಿಸಿದ್ದೆ. ಅದಕ್ಕೆ ಲೇತ್‌ನಲ್ಲಿ ಒಂದು ಅಡಾಪ್ಟರ್ ಮಾಡಿಸಿದ್ದೆ. ಟ್ಯಾಂಕಿಗೆ ಬೀಗದ ಮುಚ್ಚಳ, ಪೈಪಿನ ನಡುವೆ ಒಂದು ಪೇಪರ್ ಫಿಲ್ಟರ್ ಬೇರೆ ಸೇರಿತ್ತು. ಒಂದೊಂದೂ ಬೇರೆ ಬೇರೆ ದಿನ ಸೇರಿದ್ದು. ಎಲ್ಲವೂ ಒಳ್ಳೆಯದಕ್ಕೆ ಅಂತಲೇ ಹಾಕಿದ್ದು.

ಮೂರು ತಿಂಗಳಲ್ಲಿ ಎರಡು ಪ್ಲಗ್, ಒಂದು ಕಾಯಿಲ್, ಒಂದು ಕಂಡೆನ್ಸರ್ ಬದಲಾದವು. ಮೇನ್ ಜೆಟ್, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, 140ರಿಂದ ಇನ್ನೂ ದೊಡ್ಡದಾದ 160ಕ್ಕೆ ಹೋಯಿತು. ಗಾಡಿ ಮಾತ್ರ ನಿಲ್ಲುವುದನ್ನು ಬಿಡಲಿಲ್ಲ. ಕೊನೆಗೆ ಸಿಕ್ಕ ದಾರಿ ಇಷ್ಟೇ: ಪಾರ್ಟ್ ಬದಲಿಸುವುದನ್ನು ನಿಲ್ಲಿಸಿ, ಪೆಟ್ರೋಲನ್ನು ಅಳೆಯಲು ಶುರು ಮಾಡುವುದು. ಟ್ಯಾಂಕಿನಿಂದ ಜೆಟ್‌ವರೆಗೆ ಪೆಟ್ರೋಲ್ ಹೋಗುವ ದಾರಿಯಲ್ಲಿ ಒಂದೊಂದು ಕಡೆ ನಿಂತು ಅಳೆದರೆ ತಪ್ಪು ತಾನಾಗಿಯೇ ಕಾಣುತ್ತದೆ.

ಮೊದಲು ಒಂದು ಎಚ್ಚರಿಕೆ

ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಪಿಸ್ಟನ್ನಿಗೆ, ಕ್ರ್ಯಾಂಕಿಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆಯಲ್ಲೇ ಬರಬೇಕು. ಪೆಟ್ರೋಲ್ ಕಮ್ಮಿಯಾದರೆ ಆಯಿಲ್ಲೂ ಕಮ್ಮಿಯಾಯಿತು ಅಂತ ಅರ್ಥ. ಜೊತೆಗೆ ಪೆಟ್ರೋಲ್ ಕಮ್ಮಿಯಾದ ಮಿಶ್ರಣ ಜಾಸ್ತಿ ಬಿಸಿಯಾಗಿ ಉರಿಯುತ್ತದೆ. ಮುಗ್ಗರಿಸುತ್ತಿರುವ ಗಾಡಿಗೆ ಇನ್ನಷ್ಟು ಆಕ್ಸಿಲರೇಟರ್ ಕೊಟ್ಟು ಎಳೆದರೆ ಪಿಸ್ಟನ್ ಸೀಜ್ ಆಗುವುದು, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು, ಹೀಗೇ. ಮುಗ್ಗರಿಸಿದ ಕ್ಷಣವೇ ಕ್ಲಚ್ ಹಿಡಿಯಿರಿ, ಆಕ್ಸಿಲರೇಟರ್ ಬಿಡಿ, ಪಕ್ಕಕ್ಕೆ ಬನ್ನಿ.

ಅಳೆಯುವ ಕೆಲಸವನ್ನು ಬಯಲಲ್ಲೇ ಮಾಡಿ. ಮನೆಯೊಳಗೆ ಬೇಡ, ಶೆಡ್ಡಿನ ಬಾಗಿಲು ಮುಚ್ಚಿಕೊಂಡೂ ಬೇಡ. ಹತ್ತಿರದಲ್ಲಿ ಗ್ಯಾಸ್ ಒಲೆ, ದೀಪ, ಬೀಡಿ ಸಿಗರೇಟು ಯಾವುದೂ ಇರಬಾರದು. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ನಿಂತ ಜಾಗದಲ್ಲೇ ನೋಡಬೇಕಾದ್ದು

ಗಾಡಿಯನ್ನು ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ರೋಗ ಮಾಯವಾಗಿರುತ್ತದೆ. ಅವರು ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, "ಏನೂ ಇಲ್ವಲ್ಲ ಸಾರ್" ಅಂತಾರೆ. ಅವರ ತಪ್ಪಲ್ಲ. ಅದಕ್ಕೇ ಒಂದು ಸ್ಪೇರ್ ಪ್ಲಗ್, ಪ್ಲಗ್ ಸ್ಪಾನರ್, ಒಂದು ಸ್ಕ್ರೂಡ್ರೈವರ್, ಮುಚ್ಚಳ ಇರುವ ಸಣ್ಣ ಬಾಟಲಿ ಜೊತೆಯಲ್ಲಿಟ್ಟುಕೊಂಡು, ಬೇಕೆಂದೇ ಗಾಡಿ ನಿಲ್ಲುವ ದೂರದವರೆಗೆ ಹೋಗಿ.

ನಿಂತ ತಕ್ಷಣ ಪೆಟ್ರೋಲ್ ಟ್ಯಾಪ್ ಮುಚ್ಚಿ, ಆಮೇಲೆ ಮೊದಲು ಕಿಡಿ ನೋಡಿ. ಪೆಟ್ರೋಲ್ ಬಿಚ್ಚುವುದಕ್ಕೆ ಮುಂಚೆಯೇ ನೋಡಬೇಕು, ಆಮೇಲೆ ನೋಡಿದರೆ ಅಪಾಯ. ಸ್ಪೇರ್ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಫಿನ್‌ಗೆ ಚೆನ್ನಾಗಿ ತಾಗಿಸಿ ಕಿಕ್ ಹೊಡೆಯಿರಿ. ಹಳೇ ಪ್ಲಗ್ ಅದರ ಜಾಗದಲ್ಲೇ ಇರಲಿ. ನೀಲಿ ಕಿಡಿ ಚಟ್ ಚಟ್ ಅಂತ ಬಂದರೆ ಕರೆಂಟ್ ಕಡೆ ಸದ್ಯಕ್ಕೆ ಅನುಮಾನ ಬೇಡ. ಕಿಡಿ ಇಲ್ಲದಿದ್ದರೆ ಈ ಲೇಖನದ ಉಳಿದ ಭಾಗ ನಿಮಗಲ್ಲ. ಬಿಸಿಯಾದಾಗ ಕೈಕೊಡುವ ಕಾಯಿಲ್ ಕೂಡ ಇದೇ ಲಕ್ಷಣ ತೋರಿಸುತ್ತದೆ, ತಣ್ಣಗಾದರೆ ಮತ್ತೆ ಸರಿ.

ಕಿಡಿ ಇದ್ದರೆ ಮುಂದೆ ಪೆಟ್ರೋಲ್ ನೋಡಿ. ಎಂಜಿನ್ ಮುಟ್ಟುವಷ್ಟು ಆರಲಿ. ಆಮೇಲೆ ಕಾರ್ಬುರೇಟರ್ ಬೌಲಿನ (ಪೆಟ್ರೋಲ್ ನಿಲ್ಲುವ ಸಣ್ಣ ಬಟ್ಟಲು) ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಬಾಟಲಿಗೆ ಬಿಡಿ. ನಿಂತ ಮೇಲೆ ಟ್ಯಾಪ್ ಮುಚ್ಚುವುದು ಒಂದು ನಿಮಿಷ ತಡವಾದರೂ ಬೌಲ್ ಮತ್ತೆ ತುಂಬಿಕೊಳ್ಳುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ನನ್ನ ಕಾರ್ಬುರೇಟರಿನ ಬೌಲ್ ಹಿಡಿಯುವುದು ಸುಮಾರು 35 ಎಂಎಲ್. ಅಷ್ಟೂ ಬಂದರೆ ಪೆಟ್ರೋಲ್ ಬೌಲಿನವರೆಗೆ ಸರಿಯಾಗಿ ಬರುತ್ತಿದೆ, ತಪ್ಪು ಜೆಟ್ಟಿನಲ್ಲೋ ಗಾಳಿಯಲ್ಲೋ ಇದೆ. ನಾಲ್ಕು ಹನಿ ಬಂದು ನಿಂತರೆ ಬೌಲ್ ಖಾಲಿ. ತಪ್ಪು ಬೌಲಿಗಿಂತ ಮೇಲೆ, ಟ್ಯಾಂಕಿನ ಕಡೆ ಇದೆ. ಈ ಒಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಚೋಕ್ ಕೂಡ ಒಂದು ಸುಳಿವು ಕೊಡುತ್ತದೆ. ಮುಗ್ಗರಿಸಲು ಶುರುವಾದಾಗ ಚೋಕ್ ಎತ್ತಿದರೆ ಸ್ವಲ್ಪ ಚೇತರಿಸಿಕೊಂಡರೆ ಬೌಲಿನಲ್ಲಿ ಇನ್ನೂ ಪೆಟ್ರೋಲ್ ಇದೆ, ಆದರೆ ಎಂಜಿನ್ನಿಗೆ ಸಾಲುತ್ತಿಲ್ಲ. ಚೋಕ್ ಎತ್ತಿದರೆ ಇನ್ನೂ ಕೆಡುತ್ತದೆ ಅಂದರೆ ಪೆಟ್ರೋಲ್ ಜಾಸ್ತಿಯಾಗಿದೆ. ಏನೂ ವ್ಯತ್ಯಾಸವೇ ಇಲ್ಲ ಅಂದರೆ ಬೌಲ್ ಖಾಲಿ ಇರುವ ಸಾಧ್ಯತೆ ಜಾಸ್ತಿ.

ಮುಚ್ಚಳ ತೆಗೆದಾಗ ಬಂದ ಸದ್ದು

ನನ್ನ ಗಾಡಿ ಸಾಮಾನ್ಯವಾಗಿ ನಿಲ್ಲುತ್ತಿದ್ದುದು ಶ್ರೀರಂಗಪಟ್ಟಣಕ್ಕೆ ಹೋಗುವಾಗ, ನಗುವನಹಳ್ಳಿ ಗೇಟಿನ ಆಸುಪಾಸಿನಲ್ಲಿ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ ಬೈಕ್ ಬಿಡುವುದಿಲ್ಲವಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಒಂದು ದಿನ ಹಾಗೆ ನಿಂತು ನೋಡುತ್ತಿದ್ದಾಗ ಕಬ್ಬಿನ ಟ್ರ್ಯಾಕ್ಟರಿನವರು ಒಬ್ಬರು ನಿಧಾನ ಮಾಡಿ ಕೇಳಿದರು.

"ಯಾಕಣ್ಣಾ, ಪೆಟ್ರೋಲ್ ಖಾಲಿ ಆಯ್ತಾ?"

"ಇಲ್ಲಣ್ಣಾ, ಅರ್ಧ ಟ್ಯಾಂಕ್ ಐತೆ, ನೋಡಿ" ಅಂತ ತೋರಿಸಲು ಮುಚ್ಚಳ ತೆಗೆದೆ. 'ಹುಸ್' ಅಂತ ಗಾಳಿ ಒಳಗೆ ಎಳೆದುಕೊಂಡಿತು. ಇಬ್ಬರಿಗೂ ಕೇಳಿಸುವಷ್ಟು ಜೋರಾಗಿ. ಮುಚ್ಚಳವನ್ನು ಸುಮ್ನೆ ಮೇಲೆ ಇಟ್ಟು ಕಿಕ್ ಹೊಡೆದೆ, ಗಾಡಿ ಸ್ಟಾರ್ಟ್.

ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಬರಬೇಕು. ಹಳೆಯ ಮುಚ್ಚಳದಲ್ಲಿ ಅದಕ್ಕೆ ಒಂದು ಸಣ್ಣ ತೂತು ಇರುತ್ತದೆ. ನಾನು ಹಾಕಿಸಿದ್ದ ಬೀಗದ ಮುಚ್ಚಳದಲ್ಲೂ ತೂತು ಇತ್ತು, ಆದರೆ ರಬ್ಬರ್ ವಾಷರ್ ಅದರ ಮೇಲೆ ಮುಕ್ಕಾಲು ಪಾಲು ಕೂತಿತ್ತು. ಪೂರ್ತಿ ಮುಚ್ಚಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅರ್ಧ ಉಸಿರಾಡುತ್ತಿದ್ದರಿಂದಲೇ ಅಷ್ಟು ದಿನ ಅಡಗಿ ಕೂತಿತ್ತು.

ಮನೆಗೆ ಬಂದು ಅಳೆದೆ. ನೀವೂ ಹೀಗೆ ಅಳೆಯಿರಿ. ಟ್ಯಾಂಕ್ ಅರ್ಧ ತುಂಬಿರಲಿ. ಪೈಪನ್ನು ಕಾರ್ಬುರೇಟರ್ ಕಡೆ ಬಿಚ್ಚಿ, ಅಳತೆ ಗೆರೆ ಇರುವ ಬಾಟಲಿಗೆ ಬಿಡಿ. ಫಿಲ್ಟರ್ ಇದ್ದರೆ ಈ ಸಲಕ್ಕೆ ತೆಗೆದಿಡಿ. ಮುಚ್ಚಳ ಗಟ್ಟಿಯಾಗಿ ಹಾಕಿ. ಮೊಬೈಲ್ ದೂರದಲ್ಲಿರಲಿ, ಟೈಮ್ ನೋಡಲು ಕೈಗಡಿಯಾರ ಸಾಕು. ಒಂದು ನಿಮಿಷ ಅಳೆದು ನಿಲ್ಲಿಸಬೇಡಿ, ಮೂರ್ನಾಲ್ಕು ನಿಮಿಷ ಬಿಡಿ, ನಿಮಿಷ ನಿಮಿಷಕ್ಕೂ ಎಷ್ಟು ಬಂತು ಅಂತ ಬರೆದುಕೊಳ್ಳಿ. ನನ್ನದು ಮೊದಲ ನಿಮಿಷ 190 ಎಂಎಲ್, ಎರಡನೆಯದು 80, ಮೂರನೆಯದು 30. ಮುಚ್ಚಳ ತೆಗೆದು ಅಳೆದರೆ ಪ್ರತಿ ನಿಮಿಷವೂ 280.

ಈಗ ಈ 30ರ ಅರ್ಥ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗ, ಲೀಟರಿಗೆ 25 ಮೈಲೇಜ್ ಅಂತ ಇಟ್ಟುಕೊಂಡರೆ ಗಂಟೆಗೆ 2.4 ಲೀಟರ್ ಬೇಕು. ನಿಮಿಷಕ್ಕೆ 40 ಎಂಎಲ್. ಬರುತ್ತಿರುವುದು 30. ಹತ್ತು ಎಂಎಲ್ ಸಾಲ ನಿಮಿಷ ನಿಮಿಷಕ್ಕೂ ಏರುತ್ತಾ ಹೋಗಿ, ಹನ್ನೆರಡು ನಿಮಿಷಕ್ಕೆ ಟ್ಯಾಂಕಿನೊಳಗಿನ ಎಳೆತವೇ ಪೆಟ್ರೋಲನ್ನು ಹಿಡಿದು ನಿಲ್ಲಿಸುತ್ತದೆ. ಊರೊಳಗೆ ಅಷ್ಟು ಪೆಟ್ರೋಲ್ ಬೇಡ, ಅದಕ್ಕೇ ಅಲ್ಲಿ ನಿಲ್ಲುತ್ತಿರಲಿಲ್ಲ. ಐದು ನಿಮಿಷ ಬಿಟ್ಟರೆ ಗಾಳಿ ನಿಧಾನಕ್ಕೆ ನುಸುಳುತ್ತದೆ, ಮತ್ತೆ ಸ್ಟಾರ್ಟ್. ಮೂರು ತಿಂಗಳ ಗೋಳಿಗೆ ಇಷ್ಟು ಲೆಕ್ಕ ಸಾಕಾಗಿತ್ತು ಅಂತ ಆವತ್ತು ನಿಜವಾಗಿಯೂ ಬೇಜಾರಾಯಿತು. ವಾಷರನ್ನು ತೂತಿನ ಜಾಗದಲ್ಲಿ ಸ್ವಲ್ಪ ಕತ್ತರಿಸಿದೆ.

ಟ್ಯಾಂಕ್ ಮತ್ತು ಟ್ಯಾಪ್

ಮುಚ್ಚಳ ತೆಗೆದರೂ ಧಾರೆ ಸಣ್ಣದಾಗುತ್ತಾ ಬಂದರೆ ತಡೆ ಟ್ಯಾಂಕಿನೊಳಗೇ ಇದೆ. ಟ್ಯಾಪ್ ಬಿಚ್ಚಿ ಅದರ ಜಾಲರಿ ನೋಡಿ. ತುಕ್ಕಿನ ಕೆಂಪು ಕೆಸರು ಕೂತಿರುತ್ತದೆ. ಇನ್ನೂ ಕಷ್ಟದ್ದು ಟ್ಯಾಂಕಿನೊಳಗೆ ಹಿಂದೆ ಯಾರೋ ಬಳಿಸಿದ ಲೇಪ ಎದ್ದು ಬರುವುದು. ಬೆರಳುಗುರಿನಷ್ಟು ಚೂರು ಪೆಟ್ರೋಲ್ ಜೊತೆ ಹೋಗಿ ಟ್ಯಾಪಿನ ಬಾಯಿಗೆ ಅಂಟಿಕೊಳ್ಳುತ್ತದೆ, ಹರಿವು ನಿಂತ ಮೇಲೆ ಕಳಚಿ ಬೀಳುತ್ತದೆ. ಹೊರಗಿನಿಂದ ನೋಡಿದರೆ ಇದೂ 'ಐದು ನಿಮಿಷದಲ್ಲಿ ಸರಿಯಾಗುವ' ರೋಗವೇ. ಅಂಥ ಟ್ಯಾಂಕಿನ ಲೇಪವನ್ನು ಪೂರ್ತಿ ತೆಗೆಸಬೇಕು, ಅರ್ಧಂಬರ್ಧ ತೊಳೆದರೆ ಪ್ರಯೋಜನವಿಲ್ಲ.

ಇಲ್ಲಿ ಎಥನಾಲ್ ಮಾತು ಬರುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಕಬ್ಬಿನ ಕಾಕಂಬಿಯಿಂದ ಬರುವ ಎಥನಾಲ್ ಅಂದರೆ ಮಂಡ್ಯದವರಿಗೆ ಹೊಸದೇನಲ್ಲ. ಕಬ್ಬು ಬೆಳೆಯುವ ನೆಲದವನಾಗಿ ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ 1996ಕ್ಕೆ ಮುಂಚಿನ ಗಾಡಿಯ ರಬ್ಬರ್, ಲೇಪ, ವಾಷರ್ ಯಾವುದನ್ನೂ ಇದಕ್ಕೆಂದು ಮಾಡಿದ್ದಲ್ಲ. ಹಳೆಯ ಪೈಪ್ ಒಳಗಡೆ ಉಬ್ಬಿ ಕಿರಿದಾಗುತ್ತದೆ, ಹೊರಗೆ ಚೆನ್ನಾಗೇ ಕಾಣುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಅದರ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ರಿಸರ್ವ್‌ಗೆ ತಿರುಗಿಸಿದಾಗ ಮೊದಲು ಬರುವುದು ಅದೇ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು, ಮುಚ್ಚಿ ಒಂದು ರಾತ್ರಿ ಬಿಡಿ. ಕೆಳಗೆ ಬೇರೆ ಪದರ ಕಂಡರೆ ಅಥವಾ ಮಜ್ಜಿಗೆ ನೀರಿನ ಹಾಗೆ ಮಂಕಾಗಿದ್ದರೆ ಆ ಪೆಟ್ರೋಲ್ ಗಾಡಿಗೆ ಬೇಡ.

ಒಂದು ತಪ್ಪಿನ ಹಿಂದೆ ಇನ್ನೊಂದು

ಮುಚ್ಚಳ ಸರಿಯಾದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ, ನಿಲ್ಲಲಿಲ್ಲ. ಅದೇ ಖುಷಿಯಲ್ಲಿ ಮಾರನೇ ದಿನ ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟ ಹತ್ತಲು ಹೊರಟೆ. ಹಿಂದೆ ಭಾವ ಕೂತಿದ್ದರು. ಏರು ಶುರುವಾಗಿ ಒಂದೂವರೆ ನಿಮಿಷಕ್ಕೆ ಮತ್ತೆ ಅದೇ ಮುಗ್ಗರಿಕೆ. ಈ ಸಲ ಮುಚ್ಚಳ ತೆಗೆದರೆ ಸದ್ದಿಲ್ಲ.

ಬಹಳ ಜನ ಕೈಬಿಡುವುದು ಇಲ್ಲೇ. 'ಮುಚ್ಚಳ ಅಲ್ಲ ಅಂತಾಯ್ತು' ಅಂದುಕೊಂಡು ಮಾಡಿದ ಸರಿಯನ್ನೂ ಬಿಚ್ಚಿಹಾಕುತ್ತಾರೆ. ಲಕ್ಷಣ ಬದಲಾಗಿದೆ ಅನ್ನುವುದನ್ನು ಗಮನಿಸಬೇಕು. ಮೊದಲು ಹನ್ನೆರಡು ನಿಮಿಷಕ್ಕೆ, ಸಮತಟ್ಟು ರಸ್ತೆಯಲ್ಲಿ. ಈಗ ಒಂದೂವರೆ ನಿಮಿಷಕ್ಕೆ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ. ಇದು ಬೇರೆಯದೇ ತಪ್ಪು, ಮೊದಲನೆಯದರ ಹಿಂದೆ ಅಡಗಿತ್ತು.

ಅಳೆಯುವ ಜಾಗ ಮುಂದಕ್ಕೆ ಸರಿಯಿತು. ಟ್ಯಾಪಿನಲ್ಲಿ 280 ಎಂಎಲ್ ಬರುತ್ತಿತ್ತಲ್ಲ, ಅದು ಬೌಲಿನೊಳಗೆ ಎಷ್ಟು ಬೀಳುತ್ತದೆ? ಬೌಲ್ ಬಿಚ್ಚಿ, ಫ್ಲೋಟ್ (ಬೌಲ್ ತುಂಬಿದಾಗ ತೇಲಿ, ಸೂಜಿಯಿಂದ ಪೆಟ್ರೋಲ್ ದಾರಿ ಮುಚ್ಚುವ ಭಾಗ) ಕೆಳಗೆ ಜೋತು ಬಿದ್ದಿರುವಾಗ, ಕೆಳಗೆ ಅಗಲವಾದ ಆಲಿಕೆ ಇಟ್ಟು ಟ್ಯಾಪ್ ತೆರೆದೆ. ನಿಮಿಷಕ್ಕೆ 45 ಎಂಎಲ್. ಬೆಟ್ಟದ ಏರಿನಲ್ಲಿ ಗಂಟೆಗೆ 50ರ ವೇಗ, ಲೀಟರಿಗೆ ಹನ್ನೆರಡು ಕಿಲೋಮೀಟರ್ ಅಂದರೂ ನಿಮಿಷಕ್ಕೆ 70 ಬೇಕು. ಕೊರತೆ 25. ಬೌಲಿನಲ್ಲಿರುವ 35 ಎಂಎಲ್ ಆ ಕೊರತೆಯನ್ನು ಎಷ್ಟು ಹೊತ್ತು ತುಂಬುತ್ತದೆ? ಸುಮಾರು ಒಂದೂವರೆ ನಿಮಿಷ. ರಸ್ತೆಯಲ್ಲಿ ಕಂಡದ್ದೂ ಬಾಟಲಿಯಲ್ಲಿ ಕಂಡದ್ದೂ ಹೊಂದಿದಾಗ ಆದ ಸಮಾಧಾನ ಹೇಳತೀರದು.

ಪೇಪರ್ ಫಿಲ್ಟರ್ ತೆಗೆದು ಅಳೆದರೆ 95ಕ್ಕೆ ಏರಿತು. ಪಂಪ್ ಇರುವ ಗಾಡಿಗಳ ಫಿಲ್ಟರನ್ನು ಯೆಜ್ಡಿಗೆ ಹಾಕಬಾರದು. ಪಂಪ್ ಒತ್ತಡದಿಂದ ತಳ್ಳುತ್ತದೆ. ನಮ್ಮಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ಇಳಿಯಬೇಕು. ಅದಕ್ಕೆ ನೈಲಾನ್ ಜಾಲರಿಯ ಸಾದಾ ಫಿಲ್ಟರ್ ಸಾಕು. ಪೈಪ್ ಎಲ್ಲೂ ಮೇಲಕ್ಕೆ ಡೊಂಕಾಗದೆ ಇಳಿಜಾರಾಗಿಯೇ ಬರಬೇಕು, ಡೊಂಕಿನಲ್ಲಿ ಗಾಳಿ ಕೂತರೆ ಏರ್ ಲಾಕ್. ಸಿಲಿಂಡರಿಗೆ ತಾಗುವಷ್ಟು ಹತ್ತಿರವೂ ಹೋಗಬಾರದು.

95 ಸಾಕಲ್ವಾ ಅಂತ ಕೇಳಬಹುದು. ಟ್ಯಾಂಕ್ ರಿಸರ್ವ್‌ಗೆ ಇಳಿದಾಗ ಧಾರೆ ಇನ್ನೂ ಕಮ್ಮಿಯಾಗುತ್ತದೆ. ನಾನು 200ಕ್ಕಿಂತ ಮೇಲೆ ಇರಲಿ ಅಂತ ಇಟ್ಟುಕೊಂಡೆ. ಫ್ಲೋಟಿನ ಸೂಜಿ ಕೂರುವ ಸೀಟನ್ನು ಬಿಚ್ಚಿ ನೋಡಿದರೆ 1.5 ಅಂತ ಗುರುತಿತ್ತು, ಅದು ತೂತಿನ ಅಳತೆ, ಮಿಲಿಮೀಟರಿನಲ್ಲಿ. ಸೆಕೆಂಡ್ ಹ್ಯಾಂಡ್ ಕಾರ್ಬುರೇಟರ್, ಹಿಂದೆ ಪಂಪ್ ಇರುವ ಎಂಜಿನ್ನಿನಲ್ಲಿ ಇದ್ದಿರಬೇಕು. ಪೆಟ್ರೋಲ್ ಭಾರಕ್ಕೆ ಇಳಿಯುವ ಗಾಡಿಗೆ ಸೀಟಿನ ತೂತು ದೊಡ್ಡದಿರಬೇಕು. 2.5ರ ಸೀಟು, ಅದರದೇ ಸೂಜಿ ಹಾಕಿಸಿದೆ. ಜಾಲರಿ ಫಿಲ್ಟರ್ ಸಮೇತ 230 ಬಂತು. ಸೀಟು ಬದಲಿಸಿದರೆ ಫ್ಲೋಟ್ ಎತ್ತರವನ್ನು ನಿಮ್ಮ ಮಾದರಿಗೆ ಹೇಳಿದ ಅಳತೆಗೆ ಮತ್ತೆ ಹೊಂದಿಸಲೇಬೇಕು, ಇಲ್ಲದಿದ್ದರೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ. ರಾತ್ರಿ ಟ್ಯಾಪ್ ತೆರೆದಿಟ್ಟು ಪರೀಕ್ಷಿಸಲು ಹೋಗಬೇಡಿ, ಎದುರು ಕೂತು ಹತ್ತು ನಿಮಿಷ ನೋಡಿ.

ಬೌಲ್ ತುಂಬಿದ್ದರೆ ಗಾಳಿ ನೋಡಿ

ಬೌಲ್ ತುಂಬಿದ್ದೂ ಗಾಡಿ ಮುಗ್ಗರಿಸಿದರೆ ಲೇತ್‌ನಲ್ಲಿ ಮಾಡಿಸಿದ ಅಡಾಪ್ಟರ್ ಮೇಲೆ ಮೊದಲ ಅನುಮಾನ. ಎಂಜಿನ್ ಬಿಸಿಯಾಗುವ ಮೊದಲೇ ಐಡಲ್‌ನಲ್ಲಿ (ಆಕ್ಸಿಲರೇಟರ್ ಕೊಡದೆ) ಬಿಟ್ಟು, ಅಡಾಪ್ಟರಿನ ಎರಡೂ ಕೂಡುಜಾಗಗಳಿಗೆ ಬಾಟಲಿಯಿಂದ ಸಣ್ಣಗೆ ನೀರು ಸಿಂಪಡಿಸಿ. ಐಡಲ್ ಏರಿಳಿದರೆ ಅಲ್ಲಿ ಗಾಳಿ ಸೋರುತ್ತಿದೆ. ಅಡಾಪ್ಟರಿನ ಮುಖವನ್ನು ಗಾಜಿನ ಮೇಲಿಟ್ಟ ಎಮರಿ ಕಾಗದದಲ್ಲಿ ಸಮ ಮಾಡಿ, ಹೊಸ ಪ್ಯಾಕಿಂಗ್ ಹಾಕಿ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ತಡವಾಗಿ ಇಳಿಯುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ನೋಡಿಸಿ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆಯೂ ಬರುತ್ತದೆ.

ಜೆಟ್ ಕೊನೆಗೆ

ಹರಿವು ಸರಿಯಾದ ಮೇಲೆ ನನ್ನ ಗಾಡಿ ಪೂರ್ತಿ ಆಕ್ಸಿಲರೇಟರಿನಲ್ಲಿ ಬೊಳ ಬೊಳ ಅನ್ನಲು ಶುರುಮಾಡಿತು. ಕೊರತೆಗೆ ಔಷಧಿ ಅಂತ ಹಾಕಿದ್ದ 160 ಜೆಟ್ ಈಗ ಹೊರೆಯಾಗಿತ್ತು. ರೋಗ ಗೊತ್ತಾಗದೆ ಮಾಡಿದ ಬದಲಾವಣೆಗಳನ್ನೆಲ್ಲ ಹೀಗೆ ವಾಪಸ್ ತೆಗೆಯಬೇಕಾಗುತ್ತದೆ.

ಆಕ್ಸಿಲರೇಟರ್ ಹಿಡಿಯ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆಯಿರಿ. ತೊಂದರೆ ಯಾವ ಗೆರೆಯಲ್ಲಿ ಬರುತ್ತದೆ ಅನ್ನುವುದೇ ಮುಖ್ಯ, ಯಾವ ವೇಗದಲ್ಲಿ ಅನ್ನುವುದಲ್ಲ. ಐಡಲ್ ಮತ್ತು ಅದರ ಆಸುಪಾಸಿಗೆ ಪೈಲಟ್ ಜೆಟ್, ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನ ಸೂಜಿ, ಮುಕ್ಕಾಲಿನ ಮೇಲೆ ಮೇನ್ ಜೆಟ್. ಒಂದು ಸಲಕ್ಕೆ ಒಂದೇ ಬದಲಿಸಿ. ಯಾವಾಗಲೂ ದೊಡ್ಡ ಜೆಟ್‌ನಿಂದ ಚಿಕ್ಕದಕ್ಕೆ ಇಳಿಯಿರಿ. ಚಿಕ್ಕದರಿಂದ ಮೇಲಕ್ಕೆ ಹೋಗುವುದು ಪಿಸ್ಟನ್ನಿಗೆ ಅಪಾಯ. ಇ20ಗೆ ಹಳೆಯ ಪೆಟ್ರೋಲಿಗಿಂತ ಸ್ವಲ್ಪ ದೊಡ್ಡ ಜೆಟ್ ಬೇಕು ಅನ್ನುವುದನ್ನೂ ನೆನಪಿಡಿ. ಸಾದಾ ಪೆಟ್ರೋಲ್ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಆಯಿಲ್ ಅಳತೆಯನ್ನು ಮಧ್ಯದಲ್ಲಿ ಬದಲಿಸಬೇಡಿ. ಆಯಿಲ್ ಜಾಸ್ತಿ ಹಾಕಿದರೆ ಅದೇ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಮ್ಮಿಯಾಗುತ್ತದೆ, ಲೆಕ್ಕ ತಪ್ಪುತ್ತದೆ.

ನನ್ನದು 150ಕ್ಕೆ ಬಂದು ನಿಂತಿತು. ಈಗ ಭಾವನನ್ನು ಕೂರಿಸಿಕೊಂಡೇ ಬೆಟ್ಟ ಹತ್ತುತ್ತದೆ. ವಾರಗಟ್ಟಲೆ ಗಾಡಿ ತೆಗೆಯುವುದಿಲ್ಲ ಅಂದರೆ ಟ್ಯಾಪ್ ಮುಚ್ಚಿ ಬೌಲ್ ಖಾಲಿ ಮಾಡಿಡಿ. ಪೆಟ್ರೋಲ್ ಆವಿಯಾಗಿ ಉಳಿದ ಆಯಿಲ್ ಮೊದಲು ಮುಚ್ಚುವುದು ಪೈಲಟ್ ಜೆಟ್ಟನ್ನೇ. ಬಾಟಲಿಯ ಅಳತೆಗಳನ್ನು ತಾರೀಖು ಸಮೇತ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಟ್ಟಿದ್ದೇನೆ: ಟ್ಯಾಪ್ 280, ಬೌಲ್ 230.